ಮನೆಯ ಹಳೇ ಮಿಲಿಟರಿ ರೈಫಲ್‌ಗೆ ಬೆಲೆ ಕಟ್ಟುವುದು ಹೇಗೆ? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಕಡೆಯ ಹಳೇ ಮನೆಗಳಲ್ಲಿ ಕೋವಿ ಇರುವುದು ಹೊಸ ವಿಷಯ ಅಲ್ಲ. ಹೆಚ್ಚಿನವು ಜೋಡು ನಳಿಗೆ, ಇಲ್ಲವೇ ಕೇಪಿನ ಕೋವಿ. ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಮಾತ್ರ ಸೈನ್ಯದಲ್ಲಿ ಬಳಸಿದ ರೈಫಲ್ ಇರುತ್ತದೆ. ಹಿರಿಯರು ತೀರಿಕೊಂಡು ಮನೆ ಪಾಲಾಗುವ ಹೊತ್ತಿಗೆ ಅದು ಹೊರಗೆ ಬರುತ್ತದೆ, ಆಗ ಪ್ರಶ್ನೆಗಳೂ ಶುರುವಾಗುತ್ತವೆ. ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಅಜ್ಜನ ಕಾಲದ ರೈಫಲ್ ಇದೆ. ಎಷ್ಟು ಸಿಗಬಹುದು?

ಬಂದೂಕು ನೋಡದೆ, ಕಾಗದ ನೋಡದೆ, ಫೋನಿನಲ್ಲೇ ಇಷ್ಟು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಲೆ ನಿಂತಿರುವುದು ಐದು ವಿಷಯದ ಮೇಲೆ. ಲೈಸೆನ್ಸ್ ಸರಿ ಇದೆಯಾ, ಅದು ಯಾವ ಬೋರ್ (ನಳಿಗೆಯ ಒಳ ಅಳತೆ), ಯಾರು ಯಾವಾಗ ಮಾಡಿದ್ದು, ಮೊದಲಿದ್ದ ಹಾಗೇ ಉಳಿದಿದೆಯಾ, ನಳಿಗೆ ಒಳಗೆ ಹೇಗಿದೆ. ಇದೇ ಕ್ರಮದಲ್ಲಿ ನೋಡಬೇಕು. ಎಲ್ಲರೂ ತಲೆಕೆಳಗಾಗಿ ಶುರು ಮಾಡುತ್ತಾರೆ. ಮೊದಲು ಉಜ್ಜಿ ಹೊಳಪು ಬರಿಸುತ್ತಾರೆ, ಆಮೇಲೆ ಫೋಟೊ ತೆಗೆಯುತ್ತಾರೆ, ಕೊನೆಗೆ ಲೈಸೆನ್ಸ್ ಹುಡುಕುತ್ತಾರೆ. ಲೈಸೆನ್ಸ್ ಇಲ್ಲದ ರೈಫಲ್ ಅಂದರೆ ಪಹಣಿ ಇಲ್ಲದ ಜಮೀನಿದ್ದ ಹಾಗೆ. ಎಷ್ಟೇ ಚೆನ್ನಾಗಿದ್ದರೂ ಕಾನೂನಿನ ದಾರಿಯಲ್ಲಿ ಅದನ್ನು ಕೊಳ್ಳುವವರು ಯಾರೂ ಸಿಗುವುದಿಲ್ಲ.

ಕೈಗೆತ್ತಿಕೊಂಡ ಮೇಲೆ ಮೊದಲು ಏನು ಮಾಡಲಿ?

ತುಂಬಿದೆ ಅಂತಲೇ ತಿಳಿದುಕೊಳ್ಳಿ. "ಅದು ಐವತ್ತು ವರ್ಷದಿಂದ ಖಾಲಿ ಇದೆ" ಅನ್ನುವ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಬಾಯಿಯನ್ನು ಜನ ಇಲ್ಲದ ಕಡೆ ಹಿಡಿಯಿರಿ, ಬೆರಳು ಟ್ರಿಗ್ಗರ್‌ನಿಂದ ದೂರ ಇರಲಿ. ಬೋಲ್ಟ್ (ತೋಟಾ ತುಂಬಲು ಹಿಂದಕ್ಕೆ ಎಳೆಯುವ ಲೋಹದ ಕೊಂಡಿ) ತೆಗೆಯಲು ಬರುವುದಿಲ್ಲ ಅಂದರೆ ಒತ್ತಾಯ ಮಾಡಬೇಡಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಸುತ್ತಿಗೆ ತರಬೇಡಿ. ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯವರೇ ಅದನ್ನು ಬಿಚ್ಚಿ ನೋಡಲಿ. ಮಕ್ಕಳನ್ನು ಆ ಕೋಣೆಯಿಂದ ಆಚೆ ಕಳಿಸಿ.

ಇದಾದ ಮೇಲೆ ಲೈಸೆನ್ಸ್ ಪುಸ್ತಕ ಹುಡುಕಿ. ಅದರಲ್ಲಿ ಬರೆದ ನಂಬರ್, ಬೋರ್ ಮತ್ತು ಬಂದೂಕಿನ ಮೇಲೆ ಕೆತ್ತಿರುವ ನಂಬರ್ ಒಂದೇನಾ ನೋಡಿ. ಹಳೇ ಕೈಬರಹದ ಪುಸ್ತಕಗಳಲ್ಲಿ 3 ಮತ್ತು 8, 1 ಮತ್ತು 7 ಅದಲುಬದಲಾಗಿರುವುದು ಸಾಮಾನ್ಯ. ಒಂದು ಅಂಕಿ ತಪ್ಪಿದ್ದರೂ ಮಾರುವ ದಿನ ಎಲ್ಲ ನಿಂತುಹೋಗುತ್ತದೆ. ಡಿಸಿ ಕಚೇರಿಯ ಆಯುಧ ವಿಭಾಗದಲ್ಲಿ ಅರ್ಜಿ ಕೊಟ್ಟು ಅದನ್ನು ಈಗಲೇ ಸರಿ ಮಾಡಿಸಿಕೊಳ್ಳಿ.

ಲೈಸೆನ್ಸ್ ಅಜ್ಜನ ಹೆಸರಲ್ಲಿದೆ, ಅವರು ತೀರಿಹೋಗಿದ್ದಾರೆ. ಈಗ ರೈಫಲ್ ಯಾರದ್ದು?

ವಾರಸುದಾರರದ್ದು, ಆದರೆ ಲೈಸೆನ್ಸ್ ತಾನಾಗಿಯೇ ಬರುವುದಿಲ್ಲ. ಹೊಸದಾಗಿ ಅರ್ಜಿ ಹಾಕಬೇಕು. 2016ರ ಆಯುಧ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡಲು ದಾರಿ ಇದೆ. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಅಷ್ಟೇ ಅಲ್ಲ, ಅವರಿಗೆ 70 ವರ್ಷ ತುಂಬಿದರೂ, ಬಂದೂಕು ಅವರ ಹತ್ತಿರ 25 ವರ್ಷ ಇದ್ದರೂ ವಾರಸುದಾರರಲ್ಲಿ ಒಬ್ಬರನ್ನು ಅವರೇ ಸೂಚಿಸಬಹುದು. ಅಜ್ಜ ಬದುಕಿರುವಾಗಲೇ ಈ ಕೆಲಸ ಮುಗಿಸುವುದು ಎಲ್ಲಕ್ಕಿಂತ ಒಳ್ಳೆಯದು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆಮೇಲೆ ಅಣ್ಣತಮ್ಮಂದಿರ ಒಪ್ಪಿಗೆ ಪತ್ರ, ವಂಶವೃಕ್ಷ, ಮರಣ ಪ್ರಮಾಣಪತ್ರ ಅಂತ ಓಡಾಟ ಜಾಸ್ತಿ.

ಅರ್ಜಿ ಇತ್ಯರ್ಥ ಆಗುವ ತನಕ ರೈಫಲ್ ಮನೆಯಲ್ಲಿ ಇರಬಾರದು. ತಡ ಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಬೇಕು ಅಂತ 1959ರ ಆಯುಧ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಒಪ್ಪಿಸಿದರೆ ಕಳೆದುಕೊಂಡ ಹಾಗೆ ಅಂತ ಹೆದರಬೇಡಿ. ಲೈಸೆನ್ಸ್ ಬಂದ ಮೇಲೆ ವಾಪಸ್ ಪಡೆಯುವ ಹಕ್ಕು, ಇಲ್ಲವೇ ಅರ್ಹರಿಗೆ ಮಾರುವ ಹಕ್ಕು ನಿಮಗಿದೆ. ಆದರೆ ಅದಕ್ಕೆ ಗಡುವು ಇದೆ. ಗಡುವು ಮೀರಿದರೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಪಾಲಿನ ಜಗಳ ಕೋರ್ಟಿನಲ್ಲಿದೆ ಅಂತ ರಸೀದಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆತ ಮನೆಗಳಿವೆ. ಆ ರಸೀದಿಯೇ ಈಗ ನಿಮ್ಮ ರೈಫಲ್.

ಇನ್ನೊಂದು ವಿಷಯ. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಬಂದೂಕು. ಮೊದಲು ಮೂರು ಇತ್ತು. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಇದೇ ಲೆಕ್ಕ. ನಿಮ್ಮ ಹತ್ತಿರ ಈಗಾಗಲೇ ಎರಡಿದ್ದರೆ ಮೂರನೆಯದು ಮನೆಯ ಬೇರೆಯವರ ಹೆಸರಿಗೆ ಹೋಗಬೇಕು.

ಲೈಸೆನ್ಸೇ ಇಲ್ಲ. ಮನೆ ಕೀಳುವಾಗ ಅಟ್ಟದಲ್ಲಿ ಸಿಕ್ಕಿತು.

ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಬೇಡಿ. ಪರಿಚಯದ ಬ್ರೋಕರ್‌ಗೆ ತೋರಿಸಬೇಡಿ. ಮೊದಲು ವಕೀಲರ ಹತ್ತಿರ ಮಾತಾಡಿ, ಅವರ ಜೊತೆಗೇ ಠಾಣೆಗೆ ವಿಷಯ ತಿಳಿಸಿ, ಲಿಖಿತವಾಗಿ ಒಪ್ಪಿಸಿ. 2019ರ ನಂತರ ಶಿಕ್ಷೆ ಬಿಗಿಯಾಗಿದೆ. ನಿಷೇಧಿತ ಆಯುಧ ಲೈಸೆನ್ಸ್ ಇಲ್ಲದೆ ಸಿಕ್ಕಿದರೆ ಕನಿಷ್ಠ 7 ವರ್ಷ. ಬೆಲೆಯ ಮಾತು ಇಲ್ಲಿ ಏಳುವುದೇ ಇಲ್ಲ.

ಯೂಟ್ಯೂಬ್‌ನಲ್ಲಿ ಇಂಥದ್ದೇ ರೈಫಲ್‌ಗೆ ನೂರಾರು ಡಾಲರ್ ಹೇಳುತ್ತಾರೆ. ನಮ್ಮಲ್ಲೂ ಅಷ್ಟಾಗಬೇಕಲ್ವಾ?

ಆಗುವುದಿಲ್ಲ, ಕಾರಣ ಸರಳ. ಅಮೆರಿಕದಲ್ಲಿ ಹಳೇ ಸೈನ್ಯದ ರೈಫಲ್ ಅಂದರೆ ಅಂಗಡಿಯಲ್ಲಿ ಸಿಗುವ ಸಾಮಾನು. ನಮ್ಮ ದೇಶದ, ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯಲ್ಲೇ ಮಾಡಿದ ರೈಫಲ್‌ಗಳು ಅಲ್ಲಿಗೆ ರಾಶಿರಾಶಿ ಹೋಗಿವೆ, ಅಲ್ಲಿನ ಹವ್ಯಾಸಿಗಳು ಅವನ್ನು ಕೂಡಿಡುತ್ತಾರೆ. ಇಲ್ಲಿ .303, ಅಂದರೆ ತ್ರೀ ನಾಟ್ ತ್ರೀ, ನಿಷೇಧಿತ ಬೋರ್. 7.62 ಕೂಡ ಹಾಗೇ. ಪೊಲೀಸರು ಬಳಸುತ್ತಿದ್ದ .410 ಮಸ್ಕೆಟ್ ಕೂಡ ಹಾಗೇ. ಇವುಗಳ ಲೈಸೆನ್ಸ್ ಕೊಡುವ ಅಧಿಕಾರ ಡಿಸಿಗೆ ಇಲ್ಲ, ಕೇಂದ್ರ ಗೃಹ ಸಚಿವಾಲಯಕ್ಕೆ ಮಾತ್ರ. ಹಾಗಾಗಿ ಕಾನೂನು ಪ್ರಕಾರ ಕೊಳ್ಳಬಲ್ಲವರು ಬೆರಳೆಣಿಕೆ. ಕೊಳ್ಳುವವರು ಇಲ್ಲದ ಕಡೆ ವಸ್ತು ಎಷ್ಟು ಅಪರೂಪವಾದರೂ ರೇಟು ಏರುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. 1980ರ ದಶಕದಲ್ಲಿ ಸಾಮಾನ್ಯ ಜನರಿಗೆ ವಿದೇಶಿ ಬಂದೂಕಿನ ಆಮದು ನಿಂತಿತು. ಅಲ್ಲಿಂದ ಈಚೆಗೆ ಹೊಸ ವಿದೇಶಿ ಮಾಲು ಬರುತ್ತಿಲ್ಲ, ಹಳೆಯದೇ ಕೈ ಬದಲಾಗುತ್ತಿದೆ. ಹೀಗಾಗಿ ನಿಷೇಧವಿಲ್ಲದ ಬೋರ್‌ನ ಒಳ್ಳೆಯ ಹಳೇ ಇಂಗ್ಲಿಷ್ ರೈಫಲ್‌ಗೆ ಇಲ್ಲಿ ಸಿಗುವ ಬೆಲೆ ಹೊರಗಿನವರಿಗೆ ಆಶ್ಚರ್ಯ ಆಗುವಷ್ಟು ಇರುತ್ತದೆ. ಒಂದೇ ಮನೆಯಲ್ಲಿ ಎರಡು ರೈಫಲ್ ಇದ್ದು, ನೋಡಲು ಚೆನ್ನಾಗಿರುವ .303ಗೆ ಗಿರಾಕಿ ಇಲ್ಲದೆ, ಸೊರಗಿದ .315ಗೆ ನಾಲ್ಕು ಜನ ಕೇಳುವುದು ಇದೇ ಕಾರಣಕ್ಕೆ.

ನಮ್ಮದು .303ನಾ, .315ನಾ? ಎರಡೂ ಒಂದೇ ಥರ ಕಾಣುತ್ತವೆ.

ಕಾಣಲೇಬೇಕು. ಎರಡೂ ಒಂದೇ ಮನೆತನದವು. ಬ್ರಿಟಿಷರ ಕಾಲದಲ್ಲಿ ಸೈನ್ಯದ ಗುಂಡು ಜನರ ಕೈಗೆ, ಜನರ ಕೈಯಿಂದ ದಂಗೆಕೋರರ ಕೈಗೆ ಹೋಗಬಾರದು ಅಂತ ಸೈನ್ಯದ ಬೋರನ್ನು ಸಾಮಾನ್ಯರಿಗೆ ತಡೆದರು. ಶಿಕಾರಿಗೆ, ಎಸ್ಟೇಟಿಗೆ ರೈಫಲ್ ಬೇಕು ಅನ್ನುವವರಿಗೆ ಬೇರೆ ಬೋರ್ ಬಂತು, ಅದರಲ್ಲಿ .315 ಒಂದು. ಸ್ವಾತಂತ್ರ್ಯದ ನಂತರ ಇಷಾಪುರದ ಸರ್ಕಾರಿ ಕಾರ್ಖಾನೆ ಇದೇ ಬೋರ್‌ನ ಸ್ಪೋರ್ಟಿಂಗ್ ರೈಫಲ್ ಮಾಡಿ ಜನರಿಗೆ ಮಾರಿತು. ಅದರ ಬೋಲ್ಟ್ ಸೈನ್ಯದ .303 ರೈಫಲ್ ಆದ ಲೀ ಎನ್‌ಫೀಲ್ಡ್‌ನದ್ದೇ ನಮೂನೆ.

ನೋಡುವುದು ಹೀಗೆ. ಸೈನ್ಯದ ರೈಫಲ್‌ಗೆ ಮರ ಬಾಯಿಯ ತನಕ ಇರುತ್ತದೆ, ಮ್ಯಾಗಜೀನ್ 10 ಗುಂಡಿನದು. .315 ಸ್ಪೋರ್ಟಿಂಗ್‌ನಲ್ಲಿ ಮುಂದಿನ ಮರ ಅರ್ಧಕ್ಕೇ ನಿಲ್ಲುತ್ತದೆ, ಮ್ಯಾಗಜೀನ್ 5 ಗುಂಡಿನದು. ಆದರೆ ಮರ ನೋಡಿ ತೀರ್ಮಾನ ಮಾಡಬೇಡಿ. ಎಸ್ಟೇಟಿನವರು .303ರ ಮುಂದಿನ ಮರ ಕತ್ತರಿಸಿ ಶಿಕಾರಿ ರೈಫಲ್ ಮಾಡಿಸಿಕೊಂಡದ್ದೂ ಉಂಟು. ನಳಿಗೆಯ ಬುಡದಲ್ಲಿ ಒತ್ತಿರುವ ಬೋರ್ ಗುರುತು ಓದಿ. ಗುರುತು ಅಳಿಸಿದ್ದರೆ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಅಳತೆ ತೆಗೆದು ಹೇಳಲಿ. "ಗುಂಡು ಹೋಗುತ್ತದಾ ನೋಡೋಣ" ಅಂತ ಮನೆಯಲ್ಲಿ ಪ್ರಯೋಗ ಮಾಡಲೇಬೇಡಿ.

ಇನ್ನು .303ರಲ್ಲೇ ಎರಡು ಬಗೆ. ಮೊದಲ ಮಹಾಯುದ್ಧದ ಕಾಲದ ನಂಬರ್ 1 ಮಾರ್ಕ್ 3ರಲ್ಲಿ ಬಾಯಿಗೆ ಮೊಂಡಾದ ಲೋಹದ ಟೋಪಿ ಇರುತ್ತದೆ, ಹಿಂದಿನ ಗುರಿಪಟ್ಟಿ ನಳಿಗೆಯ ಮೇಲೆ ಇರುತ್ತದೆ. ಎರಡನೇ ಮಹಾಯುದ್ಧದ ನಂಬರ್ 4ರಲ್ಲಿ ನಳಿಗೆಯ ತುದಿ ಸ್ವಲ್ಪ ಹೊರಗೆ ಚಾಚಿರುತ್ತದೆ, ಹಿಂದಿನ ಗುರಿ ಕಣ್ಣಿನ ಹತ್ತಿರ ಬೋಲ್ಟ್ ಮೇಲಿರುತ್ತದೆ. ನೋಡಲು ನಂಬರ್ 1ರ ಹಾಗೇ ಇದ್ದು ಮ್ಯಾಗಜೀನ್ ಮಾತ್ರ ಚೌಕಾಕಾರ ಇದ್ದರೆ ಅದು 1960ರ ದಶಕದಿಂದ ಇಷಾಪುರ ಮಾಡಿದ 7.62ರ 2ಎ ಅಥವಾ 2ಎ1 ಮಾದರಿ.

ಲೋಹದ ಮೇಲೆ ಕಿರೀಟ, ಅಕ್ಷರ, ಬಾಣ ಎಲ್ಲ ಇದೆ. ಹೇಗೆ ಓದುವುದು?

ಬೆಲೆಯ ಕಥೆ ಇರುವುದೇ ಇಲ್ಲಿ. ನಿಧಾನವಾಗಿ ನೋಡಿ.

ತೀರ್ಥಹಳ್ಳಿ ಹತ್ತಿರದ ಒಂದು ಮನೆಯಲ್ಲಿ ನಾನು ನೋಡಿದ ರೈಫಲ್‌ನ ಮೇಲೆ ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಪ್ರತಿ ವರ್ಷ ಆಯುಧ ಪೂಜೆಗೆ ಹಿಡಿಯ ಹತ್ತಿರ ಅದೇ ಜಾಗಕ್ಕೆ ಗಂಧ, ಅರಿಶಿನ, ಕುಂಕುಮ ಹಚ್ಚಿ ಹಚ್ಚಿ ಗಟ್ಟಿ ಪದರ ಕಟ್ಟಿತ್ತು. ಲೈಸೆನ್ಸ್ ಇದ್ದ ಮನೆ ಯಜಮಾನರು ಹತ್ತಿಬಟ್ಟೆಗೆ ತೆಳು ಎಣ್ಣೆ ಹಾಕಿ ಅರ್ಧ ಗಂಟೆ ಅದರ ಮೇಲೆ ಬಿಟ್ಟರು. ಆಮೇಲೆ ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಕೆರೆದರು. ಮೊದಲು ಕಿರೀಟದ ತುದಿ ಕಂಡಿತು, ಅದರ ಕೆಳಗೆ ಜಿ.ಆರ್.ಐ. ಅಂತ ಮೂರು ಅಕ್ಷರ, ಅದರ ಕೆಳಗೆ ಇಷಾಪುರದ ಹೆಸರು, ಕೊನೆಗೆ ಇಸವಿ. ಕುಂಕುಮದ ಅಡಿಯಲ್ಲಿ ಸಣ್ಣ ಸಣ್ಣ ತುಕ್ಕಿನ ಗುಳಿಗಳಿದ್ದವು. ಪೂಜೆ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಕುಂಕುಮವನ್ನು ಹಿಂದಿನ ಮರಕ್ಕೆ ಇಡಿ, ಮಾರನೇ ದಿನ ಒರೆಸಿ ಎಣ್ಣೆ ಹಚ್ಚಿ.

ನಂಬರ್ 1 ಆದರೆ ಈ ಗುರುತುಗಳು ಹಿಡಿಯ ಬಲಗಡೆ ಲೋಹದ ಪಟ್ಟಿಯ ಮೇಲೆ ಇರುತ್ತವೆ, ನಂಬರ್ 4 ಆದರೆ ಎಡಗಡೆ. ವಿ.ಆರ್. ಅಂದರೆ ವಿಕ್ಟೋರಿಯಾ ರಾಣಿಯ ಕಾಲ, 1901ರ ತನಕ. ಇ.ಆರ್. ಅಂದರೆ ಏಳನೇ ಎಡ್ವರ್ಡ್, 1910ರ ತನಕ. ಆಮೇಲೆ ಜಾರ್ಜ್ ದೊರೆಗಳ ಜಿ.ಆರ್. ಭಾರತದಲ್ಲಿ ಮಾಡಿದ್ದಕ್ಕೆ ಜಿ.ಆರ್.ಐ. ಅಂತ ಒತ್ತುತ್ತಿದ್ದರು. ಸ್ವಾತಂತ್ರ್ಯದ ನಂತರದ ಇಷಾಪುರದ ರೈಫಲ್‌ಗಳಲ್ಲಿ ಕಿರೀಟ ಹೋಗಿ ಅಶೋಕ ಸ್ತಂಭದ ಸಿಂಹ ಬಂತು, ಆರ್.ಎಫ್.ಐ. ಅಂತ ಅಕ್ಷರ ಬಂತು.

ಮಾಡಿದವರ ಹೆಸರೂ ಅಲ್ಲೇ ಇರುತ್ತದೆ. ಎನ್‌ಫೀಲ್ಡ್, ಬಿ.ಎಸ್.ಎ., ಎಲ್.ಎಸ್.ಎ. ಇವು ಇಂಗ್ಲೆಂಡಿನವು. ಲಿತ್‌ಗೋ ಆಸ್ಟ್ರೇಲಿಯಾದ್ದು. ನಂಬರ್ 4ರಲ್ಲಿ ಕೆನಡಾದ ಲಾಂಗ್ ಬ್ರಾಂಚ್, ಅಮೆರಿಕದ ಸ್ಯಾವೇಜ್ ಕೂಡ ಸಿಗುತ್ತವೆ. ಸಂಗ್ರಹಕಾರರ ಕಣ್ಣಿಗೆ ಲಂಡನ್ನಿನ ಎಲ್.ಎಸ್.ಎ. ಸ್ವಲ್ಪ ಹೆಚ್ಚು. ನನ್ನನ್ನು ಕೇಳಿದರೆ ಇಷಾಪುರದ್ದನ್ನು ಕೀಳಾಗಿ ನೋಡುವುದು ತಪ್ಪು. ಅದು ನಮ್ಮ ದೇಶದ ಕಾರ್ಮಿಕರ ಕೈಯಲ್ಲಿ ಆದದ್ದು, ಎರಡೂ ಮಹಾಯುದ್ಧದಲ್ಲಿ ನಮ್ಮ ಸೈನಿಕರು ಹೊತ್ತದ್ದು.

ಬಾಣದ ಗುರುತು ಸರ್ಕಾರದ ಸ್ವತ್ತು ಅನ್ನುವುದಕ್ಕೆ. ಎರಡು ಬಾಣ ಮೂತಿಗೆ ಮೂತಿ ತಾಗಿಸಿಕೊಂಡಿದ್ದರೆ ಸೈನ್ಯದಿಂದ ಅಧಿಕೃತವಾಗಿ ಮಾರಿದ್ದು ಅಂತ. ಕಾಗದದ ಜೊತೆ ಇದೂ ಇದ್ದರೆ ಒಳ್ಳೆಯ ಆಧಾರ.

ಮುಂದಿನ ಮರಕ್ಕೆ ಅಡ್ಡ ಒಂದು ಸ್ಕ್ರೂ ಹಾಕಿದ್ದಾರೆ, ರಿಪೇರಿ ಆಗಿದೆ ಅಂತ ಬೆಲೆ ಕಡಿಮೆ ಮಾಡಿದರು. ಸರಿನಾ?

ಸರಿ ಅಲ್ಲ. ಮರ ಸೀಳಬಾರದು ಅಂತ ಇಷಾಪುರದಲ್ಲೇ ಹಾಕುತ್ತಿದ್ದ ಸ್ಕ್ರೂ ಅದು, ಟ್ರಿಗ್ಗರ್ ಗಾರ್ಡ್‌ಗಿಂತ ಸ್ವಲ್ಪ ಮುಂದೆ ಇರುತ್ತದೆ. ಅದು ಇದ್ದರೆ ಭಾರತೀಯ ಸೈನ್ಯದ ಕೈಯಲ್ಲಿ ಓಡಾಡಿದ್ದಕ್ಕೆ ಗುರುತು. ಹಾಗೇ ಮುಂದಿನ ಮರಕ್ಕೆ ತಂತಿ ಸುತ್ತಿದ್ದರೆ ಅದನ್ನೂ ಬಿಚ್ಚಬೇಡಿ. ಗ್ರೆನೇಡ್ ಹಾರಿಸಲು ಬಳಸಿದ ರೈಫಲ್‌ಗಳಿಗೆ ಹಾಗೆ ಸುತ್ತುತ್ತಿದ್ದರು. ಇಸವಿಯ ಜೊತೆ ಎಫ್.ಟಿ.ಆರ್. ಅಂತ ಇದ್ದರೆ ಆ ವರ್ಷ ಕಾರ್ಖಾನೆಯಲ್ಲಿ ಪೂರ್ತಿ ಬಿಚ್ಚಿ ದುರಸ್ತಿ ಮಾಡಿದ್ದು. ಅದು ದೋಷ ಅಲ್ಲ.

ನಂಬರ್ ಮ್ಯಾಚಿಂಗ್ ಅಂತ ಕೇಳುತ್ತಾರಲ್ಲ, ಏನದು?

ಕಾರ್ಖಾನೆಯಲ್ಲಿ ಒಂದು ರೈಫಲ್‌ನ ಮುಖ್ಯ ಭಾಗಗಳಿಗೆಲ್ಲ ಒಂದೇ ನಂಬರ್ ಒತ್ತುತ್ತಿದ್ದರು. ನಂಬರ್ 1ರಲ್ಲಿ ನಳಿಗೆಯ ಬುಡ, ಬೋಲ್ಟ್ ಹಿಡಿಯ ಹಿಂಭಾಗ, ಬಾಯಿಯ ಟೋಪಿ, ಗುರಿಪಟ್ಟಿಯ ಅಡಿ, ಮುಂದಿನ ಮರದ ಕೆಳಗೆ ನೋಡಿ. ಎಲ್ಲ ಒಂದೇ ಆದರೆ ಬೆಲೆ ಮೇಲೆ. ಮರದ ಮೇಲಿನದು ಬೇರೆ ಆದರೆ ದೊಡ್ಡ ವಿಷಯ ಅಲ್ಲ. ಬೋಲ್ಟ್ ನಂಬರ್ ಬೇರೆ ಆದರೆ ದೊಡ್ಡ ವಿಷಯವೇ. ಒಂದೊಂದು ಬೋಲ್ಟನ್ನೂ ಅದರದರ ರೈಫಲ್‌ಗೆ ಹೊಂದಿಸಿರುತ್ತಾರೆ. ಬೇರೆಯದರ ಬೋಲ್ಟ್ ಹಾಕಿದರೆ ತೋಟಾ ಕೂರುವ ಜಾಗದಲ್ಲಿ ಸಡಿಲು ಬರಬಹುದು. ಅದು ಮೊದಲು ಪ್ರಾಣದ ಪ್ರಶ್ನೆ, ಆಮೇಲೆ ಬೆಲೆಯದು. ನಂಬರ್ ಅರೆದು ಹೊಸದಾಗಿ ಒತ್ತಿದ ಗುರುತು ಕಂಡರೆ ಮುಟ್ಟಲೇಬೇಡಿ. ನಂಬರ್ ತಿದ್ದುವುದೇ ಅಪರಾಧ.

ನಕಲಿ ಇರುತ್ತವಾ?

ಇರುತ್ತವೆ. ಗಡಿಯಾಚೆ ಖೈಬರ್ ಕಣಿವೆ ಕಡೆ ಕೈಯಲ್ಲೇ ಲೀ ಎನ್‌ಫೀಲ್ಡ್ ನಕಲು ಮಾಡುವ ಕುಶಲಕರ್ಮಿಗಳು ತಲೆಮಾರುಗಳಿಂದ ಇದ್ದಾರೆ. ಗುರುತಿಸುವುದು ಕಷ್ಟ ಅಲ್ಲ. ಅಕ್ಷರಗಳು ಸಾಲಾಗಿ ಇರುವುದಿಲ್ಲ, ಒಂದೆರಡು ತಿರುಗಿ ಬಿದ್ದಿರುತ್ತವೆ, ಕಾಗುಣಿತ ತಪ್ಪಿರುತ್ತದೆ. ಎಷ್ಟೋ ಸಲ ಇಸವಿಯೇ ಸುಳ್ಳು ಹೇಳುತ್ತದೆ. ಗಿಡ್ಡ ಲೀ ಎನ್‌ಫೀಲ್ಡ್, ಅಂದರೆ ಮೇಲೆ ಹೇಳಿದ ನಂಬರ್ 1, ಬಂದದ್ದು ವಿಕ್ಟೋರಿಯಾ ತೀರಿಕೊಂಡ ಮೇಲೆ. ಅದರ ಮೇಲೆ ವಿ.ಆರ್. ಇದ್ದರೆ ಅನುಮಾನ ಪಟ್ಟು ತಿಳಿದವರಿಗೆ ತೋರಿಸಿ. ನಕಲಿಯನ್ನು ಯಾವ ಕಾರಣಕ್ಕೂ ಹೊಡೆಯಬಾರದು.

ನಳಿಗೆ ಒಳಗೆ ಏನು ನೋಡಬೇಕು?

ಬೋಲ್ಟ್ ತೆಗೆದು, ಹಿಂದಿನಿಂದ ಬೆಳಕಿನ ಕಡೆ ಹಿಡಿದು ನೋಡಿ. ನಂಬರ್ 1 ಆದರೆ ಐದು ಗೆರೆಗಳು ಸುತ್ತಿಕೊಂಡು ಹೋಗಿರಬೇಕು, ಅಂಚು ಚೂಪಾಗಿ ಕಾಣಬೇಕು. ಕಪ್ಪು ಚುಕ್ಕೆಗಳು ಅಂದರೆ ಗುಳಿ ಬಿದ್ದಿದೆ. ಆ ಕಾಲದ ಸೈನ್ಯದ ತೋಟಾದ ಕೇಪಿನಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರುತ್ತಿತ್ತು. ಹೊಡೆದ ಮೇಲೆ ಉಪ್ಪಿನಂಥ ಪುಡಿ ನಳಿಗೆಯಲ್ಲಿ ಉಳಿಯುತ್ತಿತ್ತು. ಅದು ಗಾಳಿಯ ತೇವ ಹೀರುತ್ತದೆ. ಎಣ್ಣೆ ಹಚ್ಚಿದರೆ ಹೋಗುವುದಿಲ್ಲ, ನೀರಿಗೆ ಕರಗುತ್ತದೆ, ಹಾಗಾಗಿ ಬಿಸಿನೀರಿನಲ್ಲಿ ತೊಳೆಯಬೇಕು. ಸೈನ್ಯದಲ್ಲಿ ಇದನ್ನು ಕಲಿಸುತ್ತಿದ್ದರು. ಮಳೆಗಾಲದಲ್ಲಿ ಹೊಡೆದು ಬರೀ ಎಣ್ಣೆ ಬಟ್ಟೆ ಎಳೆದು ಗೋಡೆಗೆ ತಗುಲಿ ಹಾಕಿದ ಮನೆಗಳಲ್ಲಿ ಹೊರಗೆ ಹೊಳಪು, ಒಳಗೆ ಕಲ್ಲುಗುಳಿ. ಹೊರಗಿನ ಹೊಳಪಿಗೆ ಮರುಳಾಗಿ ಬೆಲೆ ಹೇಳಬಾರದು ಅನ್ನುವುದು ಇದಕ್ಕೇ.

ಮಾರುವ ಮುಂಚೆ ಪಾಲಿಶ್ ಮಾಡಿಸಿದರೆ ಒಳ್ಳೆಯದಲ್ವಾ?

ದಯವಿಟ್ಟು ಬೇಡ. ಸ್ಯಾಂಡ್‌ಪೇಪರ್ ಹಾಕಿದ ಕೂಡಲೇ ಮರದ ಮೇಲಿನ ತಪಾಸಣೆ ಮುದ್ರೆಗಳು ಹೋಗುತ್ತವೆ, ಅವು ಮತ್ತೆ ಬರುವುದಿಲ್ಲ. ವಾರ್ನಿಷ್ ಹೊಡೆದ, ಬೆಳ್ಳಿ ಬಣ್ಣ ಬಳಿದ, ಕ್ರೋಮ್ ಮಾಡಿಸಿದ ರೈಫಲ್‌ಗಳನ್ನು ನೋಡಿದಾಗ ಸಂಕಟ ಆಗುತ್ತದೆ. ನಮ್ಮ ಕಡೆ ಇನ್ನೊಂದು ಅಭ್ಯಾಸ ಕಂಡಿದ್ದೇನೆ. ಅಡಿಕೆ ಬೇಯಿಸಿದ ಚೊಗರು ಹಚ್ಚಿ ಮರಕ್ಕೆ ಬಣ್ಣ ಬರಿಸುತ್ತಾರೆ. ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪು ಕಲೆ ಆಗುತ್ತದೆ. ಮರ ತೀರಾ ಒಣಗಿದ್ದರೆ ಕಾಯಿಸಿದ ಅಗಸೆ ಎಣ್ಣೆಯನ್ನು ಬೆರಳಿನಲ್ಲಿ ತೆಳುವಾಗಿ ತಿಕ್ಕಿ, ಉಳಿದದ್ದನ್ನು ಒರೆಸಿಬಿಡಿ. ಕಾರ್ಖಾನೆಯಲ್ಲೂ ಮರಕ್ಕೆ ಹಾಕುತ್ತಿದ್ದದ್ದು ಅಗಸೆ ಎಣ್ಣೆಯೇ. ಗೀರು, ತಗ್ಗು, ಸೈನಿಕ ಕೆತ್ತಿದ ನಂಬರ್ ಎಲ್ಲ ಹಾಗೇ ಇರಲಿ. ಕೊಳ್ಳುವವನಿಗೆ ಬೇಕಾಗಿರುವುದೇ ಅದು.

ಆಗುಂಬೆ ಮಳೆಯಲ್ಲಿ ಇದನ್ನು ಕಾಪಾಡುವುದು ಹೇಗೆ?

ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಾಗದಲ್ಲಿ ಕಬ್ಬಿಣ ಉಳಿಸುವುದು ಕಷ್ಟದ ಕೆಲಸವೇ. ಮೊದಲು ಚರ್ಮದ ಚೀಲದಿಂದ ಹೊರಗೆ ತೆಗೆಯಿರಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದರೊಳಗೆ ಜೂನ್‌ನಲ್ಲಿ ಇಟ್ಟದ್ದು ಸೆಪ್ಟೆಂಬರ್‌ಗೆ ಕೆಂಪಾಗಿರುತ್ತದೆ. ಹಿಂದಿನವರು ಒಲೆಯ ಮೇಲಿನ ಹೊಗೆಅಟ್ಟದ ಹತ್ತಿರ ಇಡುತ್ತಿದ್ದರು. ಬೆಚ್ಚಗಿರುತ್ತದೆ ನಿಜ, ಆದರೆ ಮಸಿ ಕೂತ ಕಡೆ ಲೋಹ ಕೊರೆಯುತ್ತದೆ. ತೆಂಗಿನೆಣ್ಣೆ ಬೇಡ. ಬಂದೂಕಿನ ಎಣ್ಣೆಯೋ ಹೊಲಿಗೆ ಮಿಷನ್ ಎಣ್ಣೆಯೋ ತೆಳುವಾಗಿ ಹಚ್ಚಿ, ಬೀಗ ಇರುವ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ಚುನಾವಣೆಗೆ ಠಾಣೆಗೆ ಒಪ್ಪಿಸಬೇಕಾಗಿ ಬಂದರೆ ಮೊದಲು ಚೆನ್ನಾಗಿ ಎಣ್ಣೆ ಹಚ್ಚಿ, ನಾಲ್ಕೂ ಕಡೆಯಿಂದ ಫೋಟೊ ತೆಗೆದು, ರಸೀದಿಯಲ್ಲಿ ನಂಬರ್ ಬರೆಸಿಕೊಳ್ಳಿ.

ಡಿ.ಪಿ. ಅಂತ ಒತ್ತಿದ್ದಾರೆ.

ಡ್ರಿಲ್‌ಗೆ ಮಾತ್ರ ಅಂತ. ಎನ್‌ಸಿಸಿಯಲ್ಲಿ ಇದ್ದವರು ಇಂಥ ರೈಫಲ್ ಹೊತ್ತು ಪರೇಡ್ ಮಾಡಿರುತ್ತೀರಿ. ಹೊಡೆಯಲು ಸುರಕ್ಷಿತ ಅಲ್ಲ ಅಂತ ತೆಗೆದಿಟ್ಟದ್ದು, ಹೊಡೆಯಬಾರದು. ಬೆಲೆ ಕಡಿಮೆ. ಆದರೆ ಡಿ.ಪಿ. ಇದೆ ಅಂತ ಲೈಸೆನ್ಸ್ ಬೇಡ ಅಂದುಕೊಳ್ಳಬೇಡಿ. ರಿಪೇರಿ ಮಾಡಿದರೂ ಬಂದೂಕಾಗಿ ಬಳಸಲು ಬಾರದಂಥ ಹಳೇ ಆಯುಧಕ್ಕೆ ಮಾತ್ರ ಕಾಯ್ದೆಯ 45ನೇ ಕಲಂ ವಿನಾಯಿತಿ ಕೊಡುತ್ತದೆ. ಅದು ಆ ಸ್ಥಿತಿಯಲ್ಲಿದೆ ಅಂತ ನೀವು ಹೇಳಿದರೆ ಸಾಲದು, ಇಲಾಖೆಯಿಂದ ಲಿಖಿತವಾಗಿ ಬರಬೇಕು.

ಮುತ್ತಜ್ಜ ಹೈಫಾ ಯುದ್ಧದಿಂದ ತಂದದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಅದಕ್ಕೆ ಬೆಲೆ ಇಲ್ವಾ?

ಕಾಗದ ಇದ್ದರೆ ಇದೆ. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲ್‌ನಲ್ಲಿರುವ ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಹೋರಾಡಿದ್ದು ನಿಜ, ನಮ್ಮ ಸಂಸ್ಥಾನಕ್ಕೆ ಅದು ಹೆಮ್ಮೆಯ ದಿನ. ಆದರೆ ಅವರು ಕುದುರೆ ಮೇಲೆ ಈಟಿ, ಕತ್ತಿ ಹಿಡಿದು ನುಗ್ಗಿದವರು. ಸೈನಿಕ ಬಳಸಿದ ರೈಫಲ್ ಸರ್ಕಾರದ ಸ್ವತ್ತು, ಮನೆಗೆ ತರಲು ಬಿಡುತ್ತಿರಲಿಲ್ಲ. ಮೊದಲು ರೈಫಲ್ ಮೇಲಿನ ಇಸವಿ ನೋಡಿ. 1918ರ ನಂತರದ್ದಾದರೆ ಕಥೆ ಬೇರೆ. ಮುತ್ತಜ್ಜನ ಸೇವಾ ಪುಸ್ತಕ, ಪದಕ, ಡಿಸ್ಚಾರ್ಜ್ ಪತ್ರ, ಹಳೇ ಫೋಟೊ ಇದ್ದರೆ ರೈಫಲ್ ಜೊತೆಗೇ ಇಡಿ. ಎಷ್ಟೋ ಸಲ ಆ ಕಾಗದಗಳಿಗೇ ರೈಫಲ್‌ಗಿಂತ ಹೆಚ್ಚು ಬೆಲೆ. ಪದಕವನ್ನು ಒಬ್ಬರಿಗೆ, ಕಾಗದ ಒಬ್ಬರಿಗೆ, ಬಂದೂಕು ಇನ್ನೊಬ್ಬರಿಗೆ ಅಂತ ಪಾಲು ಮಾಡಿಕೊಂಡರೆ ಮೂರಕ್ಕೂ ನಷ್ಟ.

ತೋಟಕ್ಕೆ ಹಂದಿ, ಮಂಗ ಕಾಟ. ಇದೇ ರೈಫಲ್ ಇಟ್ಟುಕೊಳ್ಳಬಹುದಾ?

ಬೆಳೆ ರಕ್ಷಣೆಗೆ ಕಾನೂನು ಹೇಳುವುದು 20 ಇಂಚಿಗೆ ಕಡಿಮೆ ಇಲ್ಲದ ನಯವಾದ ನಳಿಗೆಯ ಕೋವಿ, ಇಲ್ಲವೇ ಬಾಯಿಯಿಂದ ತುಂಬುವ ಕೋವಿ. ಗೆರೆ ಇರುವ ರೈಫಲ್ ಅದಕ್ಕಲ್ಲ. ರೈಫಲ್ ಗುಂಡು ಮೈಲುಗಟ್ಟಲೆ ಹೋಗುತ್ತದೆ, ನಮ್ಮ ಅಡಿಕೆ ತೋಟದ ಆಚೆ ಮತ್ತೊಬ್ಬರ ಮನೆ ಇರುತ್ತದೆ. ಅನುಮತಿ ಇಲ್ಲದೆ ಕಾಡುಪ್ರಾಣಿ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯ ಕೇಸು ಬೀಳುತ್ತದೆ, ಆಗ ಬಂದೂಕೂ ಹೋಗುತ್ತದೆ. ನಮ್ಮ ಊರುಗಳಲ್ಲಿ ಜೋಡು ನಳಿಗೆಗೆ ಇರುವ ಬೇಡಿಕೆ ಸೈನ್ಯದ ರೈಫಲ್‌ಗೆ ಇಲ್ಲದಿರುವುದಕ್ಕೆ ಇದೂ ಕಾರಣ.

ಮಾರುವುದಾದರೆ ಹೇಗೆ?

ಲೈಸೆನ್ಸ್ ಇರುವ ಡೀಲರ್ ಮೂಲಕ ಮಾರುವುದು ಸುಲಭ, ಸ್ವಲ್ಪ ಕಡಿಮೆ ಸಿಗುತ್ತದೆ. ಅದೇ ಬೋರ್‌ಗೆ ಅನುಮತಿ ಇರುವವರಿಗೆ ನೇರವಾಗಿಯೂ ಮಾರಬಹುದು. ಆಗ ಡಿಸಿಗೋ ಠಾಣಾಧಿಕಾರಿಗೋ ಲಿಖಿತವಾಗಿ ತಿಳಿಸಿ, 45 ದಿನ ಕಳೆದ ಮೇಲೆ ಕೈ ಬದಲಾಯಿಸಬೇಕು. ಕೊಳ್ಳುವವರ ಲೈಸೆನ್ಸ್‌ನಲ್ಲಿ ಜಾಗ ಖಾಲಿ ಇದೆಯಾ, ಬೋರ್ ಸರಿ ಇದೆಯಾ, ಯುಐಎನ್ (ಲೈಸೆನ್ಸ್‌ಗೆ ಕೊಡುವ ವಿಶಿಷ್ಟ ಗುರುತಿನ) ನಂಬರ್ ಇದೆಯಾ ನೋಡಿಕೊಳ್ಳಿ. ಅಡ್ವಾನ್ಸ್ ತೆಗೆದುಕೊಂಡು ರೈಫಲ್ ಮೊದಲೇ ಕೊಟ್ಟು ಕಳಿಸಬೇಡಿ, ನೆಂಟರಾದರೂ ಸರಿ. ಬೆಲೆಯನ್ನು ಕನಿಷ್ಠ ಇಬ್ಬರು ಡೀಲರ್‌ಗಳ ಹತ್ತಿರ ಕೇಳಿ. ಇಬ್ಬರ ನಡುವೆ ಅರ್ಧಕ್ಕರ್ಧ ವ್ಯತ್ಯಾಸ ಬಂದರೆ ಆಶ್ಚರ್ಯ ಬೇಡ. ಯಾಕೆ ಅಷ್ಟು ಅಂತ ಕೇಳಿ, ಮೇಲೆ ಹೇಳಿದ ಐದರಲ್ಲಿ ಯಾವುದನ್ನು ಅವರು ನೋಡಿದರು ಅಂತ ಗೊತ್ತಾಗುತ್ತದೆ.

ನೂರು ವರ್ಷ ದಾಟಿದೆ. ವಿದೇಶಕ್ಕೆ ಕಳಿಸಿ ಮಾರಬಹುದಾ?

ಇಲ್ಲ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ ಪ್ರಕಾರ ಪುರಾತನ ವಸ್ತು ಆಗುತ್ತದೆ. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ.

ನೆಲ ಅಗೆಯುವಾಗ ಸಿಕ್ಕಿದರೆ?

ಮುಟ್ಟದೆ ತಹಶೀಲ್ದಾರರಿಗೆ ಇಲ್ಲವೇ ಪೊಲೀಸರಿಗೆ ತಿಳಿಸಿ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, ಒಣಗಿದ ಬಾವಿಯೊಂದರಿಂದ ಟಿಪ್ಪು ಕಾಲದ್ದು ಅನ್ನಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕಿದವು. ಅವುಗಳ ಒಳಗೆ ಇನ್ನೂ ಮದ್ದು ಇತ್ತು. ಪುರಾತತ್ವ ಇಲಾಖೆಯವರು ತೆಗೆದದ್ದರಿಂದ ಅವು ಉಳಿದವು. ಗುಜರಿಗೆ ಹೋಗಿದ್ದರೆ ಕಿಲೋ ಲೆಕ್ಕದಲ್ಲಿ ಕರಗುತ್ತಿದ್ದವು.

ಮಾರಲು ಮನಸ್ಸಿಲ್ಲ, ಮಕ್ಕಳಿಗೆ ಆಸಕ್ತಿ ಇಲ್ಲ. ಏನು ಮಾಡಲಿ?

ಮ್ಯೂಸಿಯಂಗೆ ಕೊಡುವ ದಾರಿ ಇದೆ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿ ಸರ್ಕಾರಿ ಸಂಗ್ರಹಾಲಯ ಇದೆ, ಕೆಳದಿಯಲ್ಲೂ ಇದೆ. ಮೊದಲು ಅವರಿಗೆ ಪತ್ರ ಬರೆದು ಫೋಟೊ, ನಂಬರ್, ಲೈಸೆನ್ಸ್ ಪ್ರತಿ ಕಳಿಸಿ. ಅವರು ಒಪ್ಪಿದರೆ ಡಿಸಿ ಕಚೇರಿಯ ಅನುಮತಿಯೊಂದಿಗೆ ಕೊಡಬೇಕು, ಕೊಟ್ಟ ಮೇಲೆ ನಿಮ್ಮ ಲೈಸೆನ್ಸ್‌ನಿಂದ ಆ ರೈಫಲ್ ತೆಗೆಸಬೇಕು. ಈ ಕೊನೆಯ ಕೆಲಸ ಮರೆತರೆ ಮುಂದಿನ ನವೀಕರಣದಲ್ಲಿ ಬಂದೂಕು ಎಲ್ಲಿ ಅಂತ ನಿಮ್ಮನ್ನೇ ಕೇಳುತ್ತಾರೆ. ಕೊಡುವಾಗ ಮನೆಯ ಕಥೆಯನ್ನು ಒಂದು ಪುಟದಲ್ಲಿ ಬರೆದು, ಅಜ್ಜನ ಫೋಟೊದ ಒಂದು ಪ್ರತಿ ಜೊತೆಗಿಟ್ಟು ಕೊಡಿ.